ಕೆಳಗೆ ಬಿದ್ದ ಹತ್ತು ಗುಂಡು

ಶನಿವಾರ ಬೆಳಿಗ್ಗೆ ಹತ್ತೂವರೆ. ಗೋಕುಲ ರಸ್ತೆಯ ರೈಫಲ್ ಕ್ಲಬ್ಬಿನಲ್ಲಿ ಮಯೂರಿ ಹಾರಿಸಿದ ಹತ್ತು ಗುಂಡುಗಳಲ್ಲಿ ಒಂದೂ ಗುರಿಯ ನಡುವೆ ಬೀಳಲಿಲ್ಲ.

ಹತ್ತೂ ಕೆಳಗೆ. ನೂರಕ್ಕೆ ಎಪ್ಪತ್ತೊಂದು. ಎದುರಾಳಿ ಬಸವಪ್ರಭುವಿಗೆ ತೊಂಬತ್ತೆರಡು. ರಾಜ್ಯ ಪಂದ್ಯಕ್ಕೆ ಕ್ಲಬ್ಬಿನಿಂದ ಹೋಗುವುದು ಒಂದೇ ಹೆಸರು. ಅದು ಸಂಜೆ ಐದರೊಳಗೆ ಬೆಂಗಳೂರು ಮುಟ್ಟಬೇಕು. ಎರಡು ವರ್ಷ ಇದೊಂದಕ್ಕೇ ಕೈ ಪಳಗಿಸಿಕೊಂಡಿದ್ದ ಮಯೂರಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಪಿಎಸ್‌ಐ ಶಾಬುದ್ದೀನ ಜೀಪಿನಿಂದ ಇಳಿದಾಗ ಹನ್ನೊಂದು ದಾಟಿತ್ತು. ಏರ್ ಪಿಸ್ತೂಲಿನ ಪಂದ್ಯಕ್ಕೆ ಪೊಲೀಸರು ಬರುವ ಪದ್ಧತಿ ಎಲ್ಲಿಯೂ ಇಲ್ಲ. ಆದರೆ ಫೋನು ಮಾಡಿದವರು ಮಯೂರಿಯ ಅಜ್ಜಿ ಉಡಚವ್ವ. ಉಣಕಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಶಾಬುದ್ದೀನನ ಕಿವಿ ಹಿಂಡಿದವರಲ್ಲಿ ಮೊದಲಿಗರು.

"ಈಗ ಬಂದ್ಯಾ? ಸಾಲಿಗೂ ಹಿಂಗ ತಡಾ ಮಾಡಿ ಬರ್ತಿದ್ದಿ."

"ಟ್ರಾಫಿಕ್ ಭಾಳ ಇತ್ರಿ ಟೀಚರ್."

"ಇರ್ಲಿ. ಈ ಹತ್ತಿ ಪ್ಯಾಟಿ ಹುಡುಗನ್ನ ಮೊದಲ ಜೀಪಿನಾಗ ಹಾಕು. ನನ್ನ ಮೊಮ್ಮಗಳ ಪಿಸ್ತೂಲ ಕೆಡಿಸ್ಯಾನ."

ಬಸವಪ್ರಭು ಅಮರಗೋಳದ ಹತ್ತಿ ವ್ಯಾಪಾರಿಯ ಮಗ. ಕೈಯಲ್ಲಿ ಹೊಸ ಜರ್ಮನ್ ಪಿಸ್ತೂಲು ಹಿಡಿದು ಬೆವರುತ್ತಿದ್ದ.

"ಸಾಹೇಬ್ರ, ನಾ ಏನೂ ಮಾಡಿಲ್ರಿ! ಆಕಿ ಪಿಸ್ತೂಲ ಹಳೇದೈತಿ, ಮತ್ತೊಬ್ಬರು ವಾಪರಿಸಿ ಬಿಟ್ಟಿದ್ದು. ನಂದು ಜರ್ಮನಿದು. ಸಾಮಾನಿನಾಗ ಫರಕ ಇರೂದಿಲ್ಲೇನ್ರಿ?"

"ಸುಳ್ಳ!" ಎಂದರು ಉಡಚವ್ವ. "ಚಾ ಕುಡಿಯೂವಾಗ ಇವನ ಆಕಿ ಪಿಸ್ತೂಲ ಪೆಟಿಗಿ ಸರಿಸಿದಾವ. ನಾ ಕಣ್ಣಾರೆ ನೋಡೇನಿ."

"ಕುಂಡ್ರಾಕ ಜಾಗಾ ಬೇಕಿತ್ರಿ ಅಜ್ಜಿ!"

* * *

ಶಾಬುದ್ದೀನ ಮೊದಲು ಕೇಳಿದ್ದು ಕೋಚ್ ಗುರುಶಿದ್ದಪ್ಪನನ್ನು. ಸೈನ್ಯದಲ್ಲಿದ್ದು ಬಂದ ಮನುಷ್ಯ. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಸಿದ್ಧ.

"ಗುರಿ ಸರಿಮಾಡೋ ಸ್ಕ್ರೂ ಯಾರರ ತಿರುವಿದ್ರ ಏನಾಕ್ಕೇತಿ?"

"ಗುಂಡು ಮ್ಯಾಲ ಕೆಳಗ ಆಕ್ಕಾವ್ರಿ. ಆದ್ರ ತಿರುವಾಕ ಬರೂದಿಲ್ಲ. ನಿನ್ನಿ ಸಂಜಿಕ ಎರಡೂ ಪಿಸ್ತೂಲ ಪರೀಕ್ಷಾ ಮಾಡಿ, ಸ್ಕ್ರೂ ಮ್ಯಾಲ ನೇಲ್ ಪಾಲಿಶ್ ಹಚ್ಚೇನಿ. ಪ್ರತಿ ಸಲಾ ಜಗಳ ಬರ್ತಿತ್ರಿ. ಅದಕ್ಕ ಈ ಸಲಾ ಯಾರೂ ಸ್ಕ್ರೂ ಮುಟ್ಟಂಗಿಲ್ಲ, ಪರೀಕ್ಷಾ ಗುಂಡೂ ಇಲ್ಲ, ಸೀದಾ ಪಂದ್ಯ ಅಂತ ರೂಲ್ ಮಾಡೇನಿ."

ಶಾಬುದ್ದೀನ ಬಗ್ಗಿ ನೋಡಿದ. ಗುಲಾಬಿ ಬಣ್ಣದ ಪಾಲಿಶ್ ಕೂದಲೆಳೆಯಷ್ಟೂ ಬಿರಿದಿರಲಿಲ್ಲ.

"ನೇಲ್ ಪಾಲಿಶ್ ಯಾರದು?"

"ನಮ್ಮ ಮನಿಯಾಕಿದ್ರಿ," ಎಂದ ಕೋಚ್, ಸ್ವಲ್ಪ ಸಣ್ಣ ದನಿಯಲ್ಲಿ.

"ಹಂಗಾದ್ರ ಹೊಸದು, ಹಳೇದು ಅನ್ನೋ ಮಾತು ಮೊದಲ ಮುಗಿಸೂಣು. ಎರಡೂ ಪಿಸ್ತೂಲ ಹೋಲಿಸಿ ನೋಡ್ರಿ. ಮನುಷ್ಯಾರ ಕೈ ಬ್ಯಾಡ."

ಪಕ್ಕದ ವರ್ಕ್‌ಶಾಪಿನಿಂದ ಸಾಮಾನು ಅಲುಗದಂತೆ ಕಚ್ಚಿ ಹಿಡಿಯುವ ವೈಸ್ ಬಂದಾಗ ಮಧ್ಯಾಹ್ನ ಮೂರಾಗಿತ್ತು; ಬೀಗದ ಕೈ ಇದ್ದವನು ಊರೊಳಗೆ ಹೋಗಿದ್ದ. ಮೇಜಿಗೆ ಬಿಗಿದರು. ಪಿಸ್ತೂಲಿಗೆ ರಬ್ಬರ್ ಸುತ್ತಿ ಅದರಲ್ಲಿ ಕಚ್ಚಿಸಿದರು. ಮೊದಲು ಜರ್ಮನ್ ಪಿಸ್ತೂಲಿನಿಂದ ಐದು ಗುಂಡು, ಆಮೇಲೆ ಮಯೂರಿಯದರಿಂದ ಐದು. ಪಿಸ್ತೂಲು ಅಲುಗುವಂತಿಲ್ಲ, ಯಾರೂ ಗುರಿ ಹಿಡಿಯುವಂತಿಲ್ಲ. ಐದು ಗುಂಡು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದಷ್ಟೇ ಲೆಕ್ಕ.

ಎರಡೂ ಕಾಗದದಲ್ಲಿ ಒಂದೊಂದೇ ತೂತು. ಎರಡೂ ಕಡಲೆಕಾಳಿನಷ್ಟು.

"ಫರಕ ಎಲ್ಲೈತಿ ತಮ್ಮಾ?" ಎಂದ ಶಾಬುದ್ದೀನ.

ಬಸವಪ್ರಭು ಜರ್ಮನ್ ಪಿಸ್ತೂಲನ್ನು ಮೋಸ ಮಾಡಿದ ಗೆಳೆಯನನ್ನು ನೋಡುವಂತೆ ನೋಡಿದ.

"ನೋಡಿದ್ಯಾ?" ಎಂದರು ಉಡಚವ್ವ. "ಪಿಸ್ತೂಲ ಛಲೋ ಐತಿ ಅಂದಮ್ಯಾಲ ಇವನ ಏನರ ಮಾಡ್ಯಾನ. ಹಾಕು ಜೀಪಿನಾಗ."

"ಟೀಚರ್, ಒಂದ ಸ್ವಲ್ಪ ಕುಂಡ್ರ್ರಿ."

* * *

ಶಾಬುದ್ದೀನ ಮಯೂರಿಯ ಗುರಿಕಾಗದ ತರಿಸಿದ. ಹತ್ತು ತೂತುಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವಿನಿಂದ ನೆಟ್ಟಗೆ ಕೆಳಗೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ಹೊಡಿಯೂವಾಗ ಏನ ಅನಸ್ತವಾ?"

ಮಯೂರಿ ತಿರುಗಿದಳು. "ಕೈ ನಡಗಲಿಲ್ರಿ ಸರ್. ಮುಂದಿನ ಕಡ್ಡಿ ತುದಿ ಮಾತ್ರ ಒಂದೀಟ ಮಬ್ಬ ಕಾಣ್ತಿತ್ತು. ರಾತ್ರಿ ನಿದ್ದಿ ಹತ್ತಿರಲಿಲ್ಲ, ಅದಕ್ಕ ಇರಬೇಕು ಅಂತ..."

ಮುಂದಿನ ಕಡ್ಡಿ ಎಂದರೆ ನಳಿಗೆಯ ತುದಿಯಲ್ಲಿ ನಿಂತಿರುವ ಪುಟ್ಟ ಕಪ್ಪು ಕಂಬ. ಹಿಂದಿನ ಸೀಳಿನಲ್ಲಿ ಅದರ ತಲೆ ಕೂಡಿಸಿಯೇ ಗುರಿ ಹಿಡಿಯಬೇಕು. ಶಾಬುದ್ದೀನ ಅದರ ತಲೆಯನ್ನು ಬೆರಳಿನಿಂದ ಸವರಿದ. ಬೆರಳು ಕಪ್ಪಾಯಿತು. ಮೂಸಿ ನೋಡಿದ. ಹರಳೆಣ್ಣೆ.

"ಕೋಚ್ ಸಾಹೇಬ್ರ, ಪಿಸ್ತೂಲಿಗೆ ಹರಳೆಣ್ಣಿ ಹಚ್ತೀರೇನು?"

"ಹುಚ್ಚ ಹಿಡದೈತೇನ್ರಿ? ಮಿಷಿನ್ ಆಯಿಲ್ ಒಂದ ಹನಿ. ಅಷ್ಟ."

ಮಯೂರಿಯ ಬಲಗಿವಿಯ ಹಿಂದೆ ಒಂದು ಕಪ್ಪು ಬೊಟ್ಟಿತ್ತು. ಶಾಬುದ್ದೀನ ಅದನ್ನು ನೋಡಿದ. ಬಳಿಕ ಕುರ್ಚಿ ಎಳೆದುಕೊಂಡು ಉಡಚವ್ವನ ಎದುರು ಕೂತ. ದನಿ ಮೆತ್ತಗಾಯಿತು.

"ಟೀಚರ್, ನಿನ್ನಿ ಪೇಪರಿನಾಗ ಮಯೂರಿ ಫೋಟೋ ಬಂದಿತ್ತಲ್ರಿ. ಪಿಸ್ತೂಲ ಹಿಡಕೊಂಡದ್ದು. ಭಾಳ ಮಂದಿ ನೋಡಿರಬೇಕು."

"ನೋಡದ? ಓಣಿ ತುಂಬ ಅದ ಮಾತು."

"ಕಣ್ಣ ಬಿದ್ದು ನೆದರು ಆಗಿರಬೇಕಲ್ರಿ?"

"ಆಗದ ಬಿಡ್ತೈತೇನು? ಅದಕ್ಕ ರಾತ್ರಿ ಹರಳೆಣ್ಣಿ ಹಾಕಿ ಮನ್ಯಾಗ ಮಾಡಿದ ಕಾಡಿಗಿ ತಗೊಂಡು ಕೂಸಿನ ಕಿವಿ ಹಿಂದ ಒಂದ ಬಟ್ಟ ಇಟ್ಟೆ. ಫೋಟೋದಾಗ ಪಿಸ್ತೂಲನೂ ಇತ್ತಲ್ಲ ಅಂತ ಅದಕ್ಕೂ ಹಣಿ ಮ್ಯಾಲ ಒಂದ..."

ಉಡಚವ್ವ ಪಿಸ್ತೂಲಿನ ಕಡೆ ತಿರುಗಿ ನೋಡಿದರು.

"ಪಿಸ್ತೂಲಿಗೆ ಹಣಿ ಎಲ್ಲಿರ್ತೈತಿ ಅಜ್ಜಿ?" ಮಯೂರಿಯ ದನಿ ಏರಿತು.

"ನನಗೇನ ಗೊತ್ತವಾ? ತುದಿಗೆ ಎತ್ತರಕ ಇದ್ದದ್ದ ಹಣಿ ಅಂದ್ಕೊಂಡೆ!"

* * *

"ಗುಂಡುಗಳು ಒತ್ತಾಗಿ ಬಿದ್ದಾವು. ಅಂದ್ರ ಹುಡುಗಿ ಕೈ ಸರಿ ಐತಿ," ಎಂದ ಶಾಬುದ್ದೀನ. "ವೈಸಿನಾಗ ಇಟ್ಟಾಗ ಪಿಸ್ತೂಲನೂ ಸರಿ. ಹಿಂದಿನ ಸ್ಕ್ರೂ ಯಾರೂ ಮುಟ್ಟಿಲ್ಲ. ಉಳಿದದ್ದು ಮುಂದಿನ ಕಡ್ಡಿ ಒಂದ. ಕಾಡಿಗಿ ಕುಂತು ಅದು ಎತ್ತರ ಆತು. ಅದರ ತಲಿ ಸೀಳಿಗೆ ಕೂಡಿಸಬೇಕಂದ್ರ ನಳಿಗಿ ಕೆಳಗ ಬಾಗಬೇಕು. ಒಂದ ಮಿಲಿಮೀಟರ್ ಕಾಡಿಗಿ, ಹತ್ತು ಮೀಟರ್ ದೂರದಾಗ ಮೂರು ಸೆಂಟಿಮೀಟರಿನ ಹತ್ರ ಕೆಳಗ. ಕರೀ ಕಡ್ಡಿ ಮ್ಯಾಲ ಕರೀ ಬಟ್ಟ, ಯಾರಿಗೂ ಕಾಣಲಿಲ್ಲ."

"ಆದ್ರ ಇವ ಅಲ್ಲ ಅಂತ ಹೆಂಗ ಗೊತ್ತಾತು?" ಕೋಚ್ ಕೇಳಿದ.

"ಕೆಡಿಸಬೇಕು ಅನ್ನಾವ ಕಡ್ಡಿ ಮುರೀತಾನ್ರಿ, ಇಲ್ಲಾ ಸ್ಕ್ರೂ ತಿರುವತಾನ. ಕಾಡಿಗಿ ಬಟ್ಟ ಇಡಾವರು ಕಾಯಾಕ ಇಡ್ತಾರ. ಅದ ಕಾಡಿಗಿ ಹುಡುಗಿ ಕಿವಿ ಹಿಂದೂ ಐತಿ."

ಮೊದಲು ನಕ್ಕವನು ಬಸವಪ್ರಭು. ನಗು ನಿಂತ ಮೇಲೆ ಕೋಚ್ ಕಡೆ ತಿರುಗಿದ.

"ಮತ್ತೊಮ್ಮೆ ಹೊಡಸ್ರಿ ಸರ್. ಕಾಡಿಗಿ ಮ್ಯಾಲ ಗೆದ್ದೆ ಅಂತ ಅಮರಗೋಳದಾಗ ಹೆಂಗ ಹೇಳ್ಲಿ?"

"ವಿಜ್ಞಾನದಾಗ ನನಗ ಮೂವತ್ತೈದ ಮಾರ್ಕ್ಸ್ ಕೊಟ್ಟಿದ್ರಿ ಟೀಚರ್," ಎಂದ ಶಾಬುದ್ದೀನ.

"ಅಷ್ಟೂ ಹೆಚ್ಚಿಗಿನ ಆತು ನಿನಗ," ಎಂದು ಉಡಚವ್ವ ಎದ್ದರು. ಬಸವಪ್ರಭುವಿನ ಮುಂದೆ ನಿಂತರು. "ತಪ್ಪಾತಪಾ. ಇಷ್ಟ ಮಂದ್ಯಾಗ ನಿನಗ ಕಳ್ಳಾ ಅಂದ್ನಿ. ಎಲ್ಲಾರ ಕಣ್ಣ ನಿನ್ನ ಮ್ಯಾಲ ಬಿದ್ದಾವು. ಹಂಗ ಬಿಡಬಾರದು."

ಉಪ್ಪು, ಒಣಮೆಣಸಿನಕಾಯಿ ಅವನಿಗೆ ನಿವಾಳಿಸಿ ಕ್ಲಬ್ಬಿನ ಚಹಾದ ಒಲೆಯ ಮೇಲೆ ಹಾಕಿದರು. ಐವರೂ ಕೆಮ್ಮುತ್ತ ಹೊರಗೆ ಓಡಿದರು. ಹೊಗೆ ಆರುವವರೆಗೆ ಅಂಗಳದಲ್ಲಿ ನಿಂತಿದ್ದರಿಂದ ಮರುಪಂದ್ಯ ತಡವಾಗಿ ಶುರುವಾಯಿತು.

ಕೋಚ್ ಮುಂದಿನ ಕಡ್ಡಿಯ ಕಾಡಿಗೆ ಒರೆಸಿ ಕೊಟ್ಟ. ಬಸವಪ್ರಭು ತೊಂಬತ್ತಮೂರು. ಮಯೂರಿ ತೊಂಬತ್ತನಾಲ್ಕು. ಐದಕ್ಕೆ ಹತ್ತು ನಿಮಿಷ ಇರುವಾಗ ಗುರುಶಿದ್ದಪ್ಪ ಮಯೂರಿಯ ಹೆಸರನ್ನು ಬೆಂಗಳೂರಿಗೆ ಕಳಿಸಿದ.