ಕೆಂಪು ಗುರುತು ದಾಟಿದ ಹೆಜ್ಜೆ

"ಮತ್ತೆ ತಡ," ಎಂದಳು ಯೊಸ್ರಾ ಫೋನಿನಲ್ಲಿ. "ವಿಡಿಯೊದ ಒಂದೊಂದು ಕಟ್ ಕೂಡ ತಡ. ನಿನಗೆ ಕಿವಿ ಇದೆಯೋ ಇಲ್ವೋ ವಜ್ದಿ?"

"ಎರಡಿದೆ. ಒಂದು ನಿನ್ನ ಬೈಗುಳಕ್ಕೆ, ಇನ್ನೊಂದು ಹಾಡಿಗೆ."

ಆ ಕಡೆ, ವಜ್ದಿ ಇದ್ದ ಬಿಜೆರ್ತ್ ಊರಿನ ಬಂದರಿನಲ್ಲಿ, ಕಡಲಹಕ್ಕಿಗಳು ಕೂಗುತ್ತಿದ್ದವು. ಈ ಕಡೆ ಅವಳ ಊರು ಸ್ಫಾಕ್ಸ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೀದಿಗೆ ಬೀದಿಯೇ ಕಿಟಕಿ ಮುಚ್ಚಿ ಮಲಗಿತ್ತು. ಯೊಸ್ರಾಗೆ ನಗು ಬಂತು. ನಕ್ಕರೆ ಅವನು ಗೆದ್ದಂತೆ ಎಂದು ತುಟಿ ಕಚ್ಚಿಕೊಂಡಳು.

ಗೆಳತಿ ಶೀರಾಝ್‌ಳ ಮದುವೆಗೆ ಐವರು ಸೇರಿ ಒಂದು ವಿಡಿಯೊ ಮಾಡುತ್ತಿದ್ದರು, ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಕೂತು. ಹಾಡನ್ನು ತುಂಡು ಮಾಡಿ ಹಂಚಿದವಳು ಯೊಸ್ರಾ. ಬಂದದ್ದನ್ನೆಲ್ಲ ಜೋಡಿಸುವವಳೂ ಅವಳೇ. ಲ್ಯಾಪ್‌ಟಾಪಿನಲ್ಲಿ ಹಾಡಿನ ಸದ್ದು ತೋರಿಸುವ ಗೆರೆ ಮೇಲೆದ್ದ ಕಡೆಯೆಲ್ಲ, ಅಂದರೆ ಡೋಲು ಬಡಿದ ಕಡೆಯೆಲ್ಲ, ಕೆಂಪು ಗುರುತು ಹಾಕಿ ಎಲ್ಲರಿಗೂ ಕಳಿಸಿದ್ದಳು. ಗುರುತು ಬಂದಲ್ಲಿ ಚಿತ್ರ ಬದಲಾಗಬೇಕು, ಅಷ್ಟೇ. ಹಾತಿಮ್, ಉಳಿದವರು ಎಲ್ಲರೂ ಹಾಗೇ ಮಾಡಿದ್ದರು. ವಜ್ದಿಯ ತುಂಡಿನಲ್ಲಿ ಮಾತ್ರ ಚಿತ್ರಗಳು ಗುರುತು ದಾಟಿ, ರೆಪ್ಪೆ ಬಡಿಯುವಷ್ಟು ಹೊತ್ತು ಬಿಟ್ಟು ಬದಲಾಗುತ್ತಿದ್ದವು.

"ಗುರುತೇ ತಪ್ಪು ಕಣೇ," ಎಂದ ವಜ್ದಿ. "ಡೋಲು ಬೀಳೋದು ಅಲ್ಲಿ ಸರಿ. ಕುಣಿಯೋರ ಕಾಲು ಬೀಳೋದು ಅದಾದ್ಮೇಲೆ. ಇದು ನಮ್ಮ ಮದುವೆಮನೆ ಹಾಡು, ಗಡಿಯಾರ ಅಲ್ಲ."

"ತಪ್ಪೂ ಮಾಡಿ ಪಾಠ ಬೇರೆ ಹೇಳ್ತೀಯಾ?"

"ನೀನು ಯಾವತ್ತಾದ್ರೂ ಈ ಹಾಡಿಗೆ ಕುಣಿದಿದ್ದೀಯಾ, ಯೊಸ್ರಾ?"

ಅದೊಂದು ಅವನು ಕೇಳಬಾರದಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳು ಯಾವ ಮದುವೆಯಲ್ಲೂ ಕುಣಿದವಳಲ್ಲ. ಕ್ಯಾಮೆರಾ ಹಿಡಿದು ಗೋಡೆಗೆ ಒರಗಿ ನಿಂತರೆ ಯಾರೂ ಕೈಹಿಡಿದು ಎಳೆಯುವುದಿಲ್ಲ, ಅಯ್ಯೋ ಪಾಪ ಎನ್ನುವುದಿಲ್ಲ. ಫೋನ್ ಇಟ್ಟವಳೇ ಗ್ರೂಪಿನಲ್ಲಿ ಬರೆದಳು: "ವಜ್ದಿಯ ತುಂಡನ್ನು ಇನ್ನು ಹಾತಿಮ್ ಮಾಡುತ್ತಾನೆ." ಕೋಪ ಬಂದರೆ ಯೊಸ್ರಾಳ ಬೆರಳು ಅವಳ ಬುದ್ಧಿಗಿಂತ ಮುಂದೆ ಓಡುತ್ತದೆ.

ವಜ್ದಿ ಜಗಳವಾಡಲಿಲ್ಲ. "ಆಗಲಿ" ಎಂದು ಬರೆದು ಗ್ರೂಪಿನಿಂದ ಹೊರಗೆ ಹೋದ.

ಮೊದಲ ದಿನ ಅವಳಿಗೆ ಹಾಯೆನಿಸಿತು. ಮರುದಿನ ಊಟಕ್ಕೆ ಕೂತಾಗ ಕೈ ತಾನಾಗಿ ಫೋನಿನತ್ತ ಹೋಯಿತು. ಎರಡು ವರ್ಷದಿಂದ ಈ ಹೊತ್ತಿಗೆ ಅವನ ವಾಯ್ಸ್ ಮೆಸೇಜ್ ತಪ್ಪಿದ್ದಿಲ್ಲ. ದೋಣಿ ಇಂಜಿನ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೂತು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಮಾತಾಡುತ್ತಿದ್ದ. ಇವತ್ತು ಮೀನಿಗೆ ಖಾರ ಹೆಚ್ಚಾಯಿತು ಎನ್ನುವುದೂ ಅವಳಿಗೆ ತಿಳಿಯಬೇಕಿತ್ತು!

ಮುಖಾಮುಖಿ ಕಂಡದ್ದು ಒಮ್ಮೆ ಮಾತ್ರ, ಶೀರಾಝ್‌ಳ ನಿಶ್ಚಿತಾರ್ಥದಲ್ಲಿ. ಕ್ಯಾಮೆರಾದ ಮುಂದೆ ಬಂದು ನಿಂತವನು ಲೆನ್ಸ್ ನೋಡಲೇ ಇಲ್ಲ. ಅದರ ಮೇಲಿಂದ ಅವಳ ಕಣ್ಣನ್ನೇ ನೋಡಿದ, ಒಂದು ಹುಬ್ಬು ಎತ್ತಿದ, ಅವಳು ಕೆಂಪಾಗುವವರೆಗೂ ಇಳಿಸಲಿಲ್ಲ. ಆ ಕ್ಲಿಪ್ಪನ್ನು ಅವಳು ಯಾರಿಗೂ ಕೊಟ್ಟಿಲ್ಲ.

ಈಗ ಫೋನ್ ತೆಪ್ಪಗಿತ್ತು. ತಟ್ಟೆಗೆ ಚಮಚ ತಾಗುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅಷ್ಟರಲ್ಲಿ ಶೀರಾಝ್‌ಳ ಮೆಸೇಜ್ ಬಂತು: "ವಜ್ದಿ ಮದುವೆಗೂ ಬರಲ್ವಂತೆ. ಏನೇ ಮಾಡ್ದೆ ನೀನು?" ಯೊಸ್ರಾಗೆ ಅಳು ಬಂತು. ಅವನು ಬೇಕಿತ್ತು, ಅವನೇ ಬೇಕಿತ್ತು.

ಪಕ್ಕದ ಮನೆಯ ದಲೆಂದಾ ಚಿಕ್ಕಮ್ಮ ತಿಂಡಿಯ ತಟ್ಟೆ ಹಿಡಿದು ಒಳಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಅದೇ ಹಾಡು ಓಡುತ್ತಿತ್ತು. ಹಾಡು ಕಿವಿಗೆ ಬಿದ್ದದ್ದೇ ತಡ, ಚಿಕ್ಕಮ್ಮ ತಟ್ಟೆ ಇಟ್ಟು ಸೊಂಟಕ್ಕೆ ತಲೆವಸ್ತ್ರ ಬಿಗಿದಳು.

"ಏಳೇ ಮಗಳೇ!"

"ಬೇಡ ಚಿಕ್ಕಮ್ಮ. ನನಗೆ ಬರಲ್ಲ."

"ಅಷ್ಟು ಚೆಂದದ ಸೊಂಟ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ? ಏಳು!"

ಎರಡೂ ಕೈ ಹಿಡಿದು ಎಳೆದೇಬಿಟ್ಟಳು. ಯೊಸ್ರಾ ಕೆಂಪು ಗುರುತು ನೆನೆದು, ಡೋಲು ಬಿದ್ದಾಗೆಲ್ಲ ಕಾಲಿಟ್ಟಳು. ಎಡವಿದಳು.

"ಅವಸರ ಮಾಡ್ಬೇಡ್ವೇ! ಡೋಲು ಕರೆಯುತ್ತೆ, ಆಮೇಲೆ ತಾನೇ ನೀನು ಹೋಗೋದು?"

ಯೊಸ್ರಾ ಕಣ್ಣು ಮುಚ್ಚಿದಳು. ಡೋಲು ಬಿತ್ತು. ಸೊಂಟ ತಿರುಗಿತು, ಆಮೇಲೆ ಕಾಲು ತಾನಾಗಿ ನೆಲ ಮುಟ್ಟಿತು. ಮತ್ತೆ ಹಾಗೇ, ಮತ್ತೆ ಹಾಗೇ. ಕುಣಿಯುತ್ತಲೇ ಕೈ ಚಾಚಿ ವಜ್ದಿಯ ತುಂಡನ್ನು ಹಾಕಿದಳು. ಅವಳ ಕಾಲು ನೆಲಕ್ಕೆ ಬಿದ್ದಾಗಲೆಲ್ಲ, ಸರಿಯಾಗಿ ಆಗಲೇ, ಪರದೆಯ ಮೇಲೆ ಚಿತ್ರ ಬದಲಾಯಿತು. ಒಂದೂ ತಡವಿರಲಿಲ್ಲ. ಚಿಕ್ಕಮ್ಮನ ಕೈ ಬಿಟ್ಟು ಫೋನ್ ತೆಗೆದುಕೊಂಡಳು.

ವಜ್ದಿ ಎತ್ತಿದ.

"ಗುರುತು ತಪ್ಪು," ಎಂದಳು. "ಕುಣಿದು ನೋಡ್ದೆ."

"ಯಾರ ಜೊತೆ?" ಹೊಟ್ಟೆಕಿಚ್ಚು ಚೆನ್ನಾಗಿಯೇ ಕೇಳಿಸಿತು.

"ದಲೆಂದಾ ಚಿಕ್ಕಮ್ಮನ ಜೊತೆ."

ಅವನು ಉಸಿರು ಬಿಟ್ಟ.

"ಎಲ್ಲರ ಕಟ್‌ಗಳನ್ನೂ ಸರಿಸ್ಬೇಕು. ನೀನಿಲ್ದೆ ಆಗಲ್ಲ. ಗ್ರೂಪಿಗೆ ಬಾ."

"ಇಷ್ಟಕ್ಕೇನಾ ಫೋನ್ ಮಾಡಿದ್ದು?"

ಹೌದು ಎಂದರೆ ಮಾನ ಉಳಿಯುತ್ತಿತ್ತು. "ಅಲ್ಲ," ಎಂದಳು. "ಎಲ್ಲರ ಮುಂದೆ ನಿನ್ನನ್ನ ತೆಗೆದುಹಾಕ್ದೆ, ತಪ್ಪಾಯ್ತು. ನಿನ್ನ ದನಿ ಇಲ್ದೆ ಈ ಮನೇಲಿ ನನಗೆ ಇರೋಕಾಗ್ತಿಲ್ಲ ವಜ್ದಿ. ನಿನ್ನನ್ನ ಪ್ರೀತಿಸ್ತೀನಿ ಅನ್ಸುತ್ತೆ. ಅನ್ಸೋದೇನು, ಪ್ರೀತಿಸ್ತೀನಿ."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು.

"ಶನಿವಾರ ಮದುವೆಗೆ ಬರ್ತೀನಿ," ಎಂದ ವಜ್ದಿ. "ಭಾನುವಾರ ಸ್ಫಾಕ್ಸ್‌ಗೆ."

"ಸ್ಫಾಕ್ಸಲ್ಲಿ ನಿನಗೇನು ಕೆಲಸ?"

"ನನಗೇನೂ ಇಲ್ಲ. ಅಮ್ಮನಿಗಿದೆ. ಅವರೂ ಬರ್ತಾರೆ."

ನಮ್ಮ ಕಡೆ ಗಂಡು ಅಮ್ಮನನ್ನು ಕರೆದುಕೊಂಡು ಹೆಣ್ಣಿನ ಮನೆಗೆ ಬರುವುದು ಒಂದೇ ಕಾರಣಕ್ಕೆ. ಯೊಸ್ರಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಚಿಕ್ಕಮ್ಮ ತಿಂಡಿ ಜೋಡಿಸುವವಳಂತೆ ನಟಿಸುತ್ತ ಕಿವಿಯನ್ನೆಲ್ಲ ಈ ಕಡೆ ಇಟ್ಟಿದ್ದಳು.

"ಯೊಸ್ರಾ? ಇದ್ದೀಯಾ?"

"ಇದ್ದೀನಿ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ನಿಮ್ಮಮ್ಮ ಕಾಫಿಗೆ ಸಕ್ಕರೆ ಎಷ್ಟು ಹಾಕ್ಕೋತಾರೆ?"