ಭಾವನ ಬಾಯಿಗೆ ಬೀಗ

“ಇನ್ನೂ ಸ್ವಲ್ಪ ಅಗಲ ಭಾವ. ಹಾಂ, ಅಷ್ಟೇ,” ಎನ್ನುತ್ತ ಹಲ್ಲಿನ ಡಾಕ್ಟರ್ ಎರಡನೆಯ ಸೂಜಿಯನ್ನು ಬಲದವಡೆಯ ಮೂಲೆಗೆ ಇಳಿಸಿದ. ಎಡಕ್ಕೆ ಮೊದಲನೆಯದು ಹೋಗಿ ಆಗಲೇ ಐದು ನಿಮಿಷವಾಗಿತ್ತು. ಕುರ್ಚಿಯಲ್ಲಿ ಅಂಗಾತ ಮಲಗಿದ್ದ ಭಾವ, ಅಂದರೆ ಹೆಂಡತಿಯ ಅಣ್ಣ, ಊರಿಗೆಲ್ಲ ಚರಿತ್ರೆ ಮೇಷ್ಟ್ರು, ಏನೋ ಹೇಳಲು ನಾಲಿಗೆ ಎತ್ತಿದರು. ನಾಲಿಗೆ ಅರ್ಧಕ್ಕೆದ್ದು ಅಲ್ಲೇ ಬಿದ್ದುಕೊಂಡಿತು. ಡಾಕ್ಟರನ ಎದೆಯಲ್ಲಿ ಸಣ್ಣದೊಂದು ಬ್ಯಾಂಡ್ ಸೆಟ್ಟು ಬಾರಿಸತೊಡಗಿತು.

ಇಪ್ಪತ್ತೆರಡು ವರ್ಷ! ಅಷ್ಟು ವರ್ಷಗಳಲ್ಲಿ ಭಾವನ ಎದುರು ಕೊನೆಯ ಮಾತು ಅವನದಾದದ್ದು ಒಂದೇ ಒಂದು ಸಲವೂ ಇಲ್ಲ. ಹಾಗಂತ ಅವನೇನು ಬಾಯಿಸತ್ತವನಲ್ಲ. ಕ್ಲಿನಿಕ್ಕಿನಲ್ಲಿ ಕೊನೆಯ ಮಾತು ಯಾವಾಗಲೂ ಅವನದೇ. ಬಾಯಿ ತೆರೆದುಕೊಂಡು ಮಲಗಿದವರು ಮರುಮಾತು ಆಡುವುದೆಲ್ಲಿಂದ? ಈ ಸುಖಕ್ಕಾಗಿಯೇ ಇವರು ಹಲ್ಲು ಓದಿದ್ದು ಎಂದು ಹೆಂಡತಿಗೆ ಮೊದಲಿನಿಂದಲೂ ಗುಮಾನಿ. ಆದರೆ ಭಾವನೆದುರು ಮಾತ್ರ ಅವನ ಯಾವ ಮಾತೂ ಕೊನೆ ಮುಟ್ಟುತ್ತಿರಲಿಲ್ಲ. “ಇವತ್ತು ಸೆಖೆ ಜಾಸ್ತಿ” ಅಂದರೆ, “ಸೆಖೆ ಅಲ್ಲ ಡಾಕ್ಟ್ರೇ, ನಿಮ್ಮ ಹೊಟ್ಟೆ ಜಾಸ್ತಿ.” “ಹೊಟ್ಟೆ ಅಲ್ಲ, ಅಂಗಿ ಸಡಿಲ” ಅಂದರೆ, “ಸಡಿಲ ಆಗಿದ್ರೆ ಗುಂಡಿಗಳು ಯಾಕೆ ಅಳ್ತಾ ಇವೆ?” ಫೋನು ಇಡುವುದೂ ಒಂದು ಯುದ್ಧವೇ.

“ಸರಿ, ಇಡ್ತೀನಿ.”

“ಇಡಿ ಮತ್ತೆ.”

“ಆಯ್ತು.”

“ಹೂಂ.”

“ಹೂಂ.”

ಕಾಲು ಗಂಟೆಯಾದ ಮೇಲೆ ಹೆಂಡತಿಯೇ ಬಂದು ಫೋನು ಕಿತ್ತುಕೊಂಡು, “ಇಬ್ಬರಿಗೂ ಒಂದೊಂದು ಗಿಲಕಿ ತಂದುಕೊಡ್ತೀನಿ, ಆಡ್ಕೊಳ್ಳಿ” ಎಂದು ಕಟ್ ಮಾಡಬೇಕು.

ಇವೆಲ್ಲವನ್ನೂ ಅವನು ಹೊಟ್ಟೆಗೆ ಹಾಕಿಕೊಂಡಿದ್ದ. ನುಂಗಲಾಗದ್ದು ಹೋದ ವರ್ಷದ್ದು. ಮಾವನವರ ಹುಟ್ಟುಹಬ್ಬದ ಊಟಕ್ಕೆಂದು ನಾಲ್ಕು ದಿನ ಕನ್ನಡಿಯೆದುರು ನಿಂತು ಭಾಷಣ ಗಟ್ಟಿ ಮಾಡಿದ್ದ. ಮಾತು ಮುಗಿಸಿ ಕೂತನೋ ಇಲ್ಲವೋ, ಭಾವ ಎದ್ದರು. “ನಮ್ಮ ಡಾಕ್ಟ್ರು ಹಲ್ಲು ಕಿತ್ತ ಹಾಗೇ ಮಾತಾಡ್ತಾರೆ. ಮುಗಿದಾಗ ಎಲ್ಲರಿಗೂ ಹಾಯ್ ಅನ್ಸುತ್ತೆ.” ಮಾವನವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಡಾಕ್ಟರ್ ಕೊಟ್ಟ ಉತ್ತರ ಚಮಚಗಳ ಸದ್ದಿನಲ್ಲಿ ಮುಳುಗಿಹೋಯಿತು. ಒಳ್ಳೆಯ ಉತ್ತರವೇ ಆಗಿತ್ತು; ಈಗಲೂ ಅವನಿಗೆ ಬಾಯಿಪಾಠ.

ಇವತ್ತು ಸಂಜೆ ಆರಕ್ಕೆ ಮಾವನವರಿಗೆ ಎಂಬತ್ತು ತುಂಬುತ್ತದೆ. ಮತ್ತೆ ಅದೇ ಮೇಜು, ಅದೇ ಜನ, ಅದೇ ಭಾಷಣ. ಈ ಸಲ ಅವನಾದ ಮೇಲೆ ಯಾರೂ ಮಾತಾಡಕೂಡದು. ಗಂಟಲು ಹಿಸುಕುವುದು, ವಿಷ ಹಾಕುವುದು ಕಲ್ಪನೆಯಿಲ್ಲದವರ ಕೆಲಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮೂರು ವಾರದ ಹಿಂದೆ, ಭಾವ ಆಕಳಿಸಿದಾಗ, “ಒಂದು ನಿಮಿಷ, ಬಾಯಿ ಮುಚ್ಚಬೇಡಿ” ಎಂದು ಹುಬ್ಬು ಗಂಟಿಕ್ಕಿದ. ಅಷ್ಟೇ. ಮರುವಾರ, “ಆ ಹಲ್ಲು ಹೇಗಿದೆ?” ಎಂದು ಕೇಳಿದ. ಅದರ ಮರುವಾರ ಭಾವನೇ ಕೆನ್ನೆ ಹಿಡಿದುಕೊಂಡು, “ನೋಯ್ತಾ ಇದೆ ಕಣ್ರೀ” ಎಂದರು. ಕಲ್ಲಿನಂಥ ಹಲ್ಲದು. ಎಕ್ಸ್‌ರೇ ತೆಗೆಯಲಿಲ್ಲ, ಎಕ್ಸ್‌ರೇ ನಿಜ ಹೇಳಿಬಿಡುತ್ತದೆ. ಜೋಮು ಹಿಡಿಸುವ ಮದ್ದುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂಥದ್ದನ್ನೇ ಆರಿಸಿದ. ಮೂರು ಗಂಟೆಗೆ ಕೊಟ್ಟರೆ ಒಂಬತ್ತರವರೆಗೆ ತುಟಿ, ನಾಲಿಗೆ ಎರಡೂ ಅಡವು. ಬುದ್ಧಿಯಿರುವ ಯಾವ ಡಾಕ್ಟರೂ ಒಂದೇ ದಿನ ಎರಡೂ ಕಡೆ ಕೊಡುವುದಿಲ್ಲ. ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುತ್ತದೆ, ಕ್ಲಿನಿಕ್ಕು ಮುಚ್ಚುತ್ತದೆ. ಆದರೆ ಕೇಳುವವರು ಯಾರು? ‘ಕೆಲವರಿಗೆ ಇಳಿಯೋದು ತಡವಾಗುತ್ತೆ’ ಅಂದರೆ ಮುಗಿಯಿತು.

ಕೊರೆಯುವ ಮೆಷಿನ್ನನ್ನು ಹಲ್ಲಿಗೆ ತಾಗಿಸದೆ ಸುಮ್ಮನೆ ಗುಂಯ್‌ಗುಡಿಸಿದ. ಅವನೇನೂ ಕಟುಕನಲ್ಲ. ಅಲ್ಲಿಗೆ ಎಲ್ಲ ಮುಗಿದಿತ್ತು. ಬಾಯಿ ಮುಚ್ಚಿಸಿ ಕಳಿಸಬಹುದಿತ್ತು. ಆದರೆ ಸೋತೆನೆಂದು ಸೋತವನಿಗೇ ಗೊತ್ತಾಗದಿದ್ದರೆ ಗೆದ್ದವನಿಗೆ ಏನು ರುಚಿ? ಭಾವ ನಾಳೆ ಊರೆಲ್ಲ ಸಾರಲಿ, ಯಾರು ನಂಬುತ್ತಾರೆ? ‘ಬಿಡಿ, ಮೇಷ್ಟ್ರಿಗೆ ಒಂದು ಎದುರುತ್ತರ ಇರಲೇಬೇಕಲ್ಲ’ ಅನ್ನುತ್ತಾರೆ. ಭಾವನ ಬಾಯೇ ಡಾಕ್ಟರನಿಗೆ ಕಾವಲುನಾಯಿ. ಇನ್ನು ಪಕ್ಕದ ಸ್ಟೂಲಿನ ಮೇಲೆ ಕೂತ ಸಿಸ್ಟರ್? ಹನ್ನೊಂದು ವರ್ಷದಿಂದ ಇದ್ದಾಳೆ, ಒಂದು ಎದುರು ಮಾತಿಲ್ಲ. ಅವಳೆದುರು ಆಡುವುದೂ ಒಂದೇ, ಬೇಸಿನ್ನಿನೆದುರು ಆಡುವುದೂ ಒಂದೇ.

ಎರಡೂ ಕೈಯನ್ನು ಭಾವನ ಬಾಯೊಳಗೇ ಇಟ್ಟುಕೊಂಡು ಅವನು ಬಗ್ಗಿದ.

“ಈ ಹಲ್ಲಿಗೆ ಏನೂ ಆಗಿಲ್ಲ ಭಾವ. ಯಾವತ್ತೂ ಆಗಿರಲಿಲ್ಲ. ರಾತ್ರಿ ಒಂಬತ್ತರ ತನಕ ನಿಮ್ಮ ನಾಲಿಗೆ ನನ್ನ ಹತ್ರ ಅಡ ಇದೆ. ಸಂಜೆ ನಾನು ಮಾತಾಡ್ತೀನಿ, ನೀವು ಕೇಳ್ತೀರಿ. ಬೇಕಂತಲೇ ಮಾಡಿದ್ದು. ಹೋದ ವರ್ಷದ ಚಮಚಗಳಿಗೆ ಇದು ಉತ್ತರ.”

ಭಾವನ ಕಣ್ಣು ಗೋಲಿಯಾಯಿತು. “ಆ... ಆಆ... ಬ್ಬ,” ಎಂದರು.

“ಮಾತಾಡಬೇಡಿ, ನಾಲಿಗೆ ಕಚ್ಕೊಂಡೀರಿ,” ಎಂದ ಡಾಕ್ಟರ್ ಅಕ್ಕರೆಯಿಂದ, ಕೈಗವಸು ಕಳಚುತ್ತ. ಭಾವ ಬಾಯಿ ತೆರೆದರು. ಜೊಲ್ಲು ಬಂತು, ಮಾತು ಬರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಒಂದು ಮಾತು ಅವನದಾಗಿ ಮುಗಿಯಿತು. ಅದರ ಹಿಂದೆ ಬಂದ ಮೌನವನ್ನು ಅವನು ಐಸ್‌ಕ್ರೀಮಿನಂತೆ ಚಪ್ಪರಿಸಿದ.

ಸಿಸ್ಟರ್ ಎದ್ದು ಬಂದು, ಎಲ್ಲ ರೋಗಿಗಳಿಗೂ ಹಿಡಿಯುವಂತೆ, ರಟ್ಟಿಗೆ ಸಿಕ್ಕಿಸಿದ ಕೇಸ್ ಶೀಟನ್ನು ಸಹಿಗಾಗಿ ಭಾವನ ಮುಂದೆ ಹಿಡಿದಳು. ಭಾವ ಓದಿದರು. ಇನ್ನೊಮ್ಮೆ ಓದಿದರು. ನಗು ತುಟಿಗೆ ಬರಲಾರದೆ ಕಣ್ಣಿಗೆ ಬಂತು. ಸಹಿ ಹಾಕಿ, ಹಾಳೆಯನ್ನು ತೋರಿಸಿ, ಸಿಸ್ಟರನ್ನು ತೋರಿಸಿ, ಆರು ಬೆರಳು ಎತ್ತಿ ಹಿಡಿದರು: ಆರು ಗಂಟೆಗೆ ಬಾ, ಎಲ್ಲರೆದುರು ನೀನೇ ಓದು. ಡಾಕ್ಟರ್ ಕತ್ತು ಚಾಚಿ ನೋಡಿದ. “ಈ ಹಲ್ಲಿಗೆ ಏನೂ ಆಗಿಲ್ಲ ಭಾವ” ಎಂಬಲ್ಲಿಂದ ಹಿಡಿದು ಚಮಚಗಳ ತನಕ, ದುಂಡಾದ ಅಕ್ಷರದಲ್ಲಿ, ತಾರೀಖು, ಗಂಟೆ ಸಮೇತ ಎಲ್ಲವೂ ಅಲ್ಲಿತ್ತು. ಅವನ ಕೈ ರೋಗಿಯ ಬಾಯಲ್ಲಿರುವಷ್ಟು ಹೊತ್ತು ಅವನು ಹೇಳಿದ್ದನ್ನು ಬರೆದುಕೊಳ್ಳುವುದು ಆಕೆಯ ಕೆಲಸ: ಯಾವ ಹಲ್ಲು, ಎಷ್ಟು ಹುಳುಕು, ಏನು ಮದ್ದು. ಸೇರಿದ ಮೊದಲ ವಾರ “ಇದನ್ನೂ ಬರೀಲಾ ಸರ್?” ಎಂದು ಕೇಳಿದ್ದಕ್ಕೆ, “ಎದುರು ಮಾತು ಬೇಡ, ನನ್ನ ಬಾಯಿಂದ ಬಂದಿದ್ದೆಲ್ಲ ಬರೀತಾ ಹೋಗು” ಎಂದು ಬಾಯಿ ಮುಚ್ಚಿಸಿದವನು ಅವನೇ. “ಸಿಸ್ಟರ್, ಆ ಹಾಳೆ ಇಲ್ಲಿ ಕೊಡಮ್ಮ,” ಎಂದ ಡಾಕ್ಟರ್. ದನಿ ಯಾಕೋ ಸಣ್ಣಗಿತ್ತು. “ಸಂಬಳ ಸಮೇತ ಒಂದು ವಾರ ರಜಾ ತಗೋ. ಬೇಡ, ಹದಿನೈದು ದಿನ. ಇನ್ಮೇಲೆ ಶನಿವಾರವೂ ಬರೋದು ಬೇಡ.” ಆಕೆ ರಟ್ಟನ್ನು ಎದೆಗೊತ್ತಿಕೊಂಡು, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು. “ಕೊಡಲ್ಲ,” ಎಂದಳು.