ಗೋಡೆಯ ಮೇಲಿನ ಆಯಿ

"ಯತಿ, ಫೋಟೋ ಎಲ್ಲಿ ಮಾರಾಯಾ?"

ಹರಿಣಾಕ್ಷಿಯಕ್ಕ ಹಾಗೆ ಕೇಳಿದ ಮೇಲೆಯೇ ನಾನು ಗೋಡೆ ನೋಡಿದ್ದು. ಮೊಳೆ ಇತ್ತು, ಫೋಟೋ ಇರಲಿಲ್ಲ. ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಕಟ್ಟು ನನ್ನ ಕೈಯಲ್ಲೇ ಉಳಿಯಿತು. ಆ ಫೋಟೋ ನೋಡಲೆಂದೇ ಸಂಭಾಜಿನಗರದಿಂದ, ಅಂದರೆ ಹಳೆಯ ಔರಂಗಾಬಾದಿನಿಂದ, ಒಬ್ಬಳು ಹುಡುಗಿ ಬಸ್ಸು ಹತ್ತಿಯಾಗಿತ್ತು.

ನಾಸಿಕದಲ್ಲಿ ಪಂಚವಟಿಯಿಂದ ಹೊಳೆ ದಾಟಿ ಬಂದರೆ ಸಿಗುವ ನಮ್ಮ 'ನವರಂಗ ಪರ್ಮಿಟ್ ರೂಮ್' ಆ ಓಣಿಯ ಹಳೆಯ ಬಾರು. ಮಾಲಿಕ ರತ್ನಾಕರ, ಕುಂದಾಪುರದ ಕಡೆಯವ. ನಾನು ಗಲ್ಲಾದಲ್ಲಿ ಕೂರುವ ಮ್ಯಾನೇಜರ್. ಹರಿಣಾಕ್ಷಿಯಕ್ಕ ರತ್ನಾಕರನ ಚಿಕ್ಕಮ್ಮ, ಬಾರಿನ ಮೇಲಿನ ಕೋಣೆಯಲ್ಲಿ ವಾಸ. ಒಂದು ಹನಿ ಮುಟ್ಟಿದವರಲ್ಲ. ಆದರೆ ಕುಡಿದವರ ಸುಳ್ಳೂ ಕುಡಿಯದವರ ಸುಳ್ಳೂ ಅವರ ಮುಂದೆ ನಡೆಯುವುದಿಲ್ಲ. ಓಣಿಯಲ್ಲಿ ಏನು ಕಳೆದರೂ ಜನ ಪೊಲೀಸ್ ಚೌಕಿಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅಕ್ಕನ ಹಿಂದೆ ಟಾರ್ಚ್ ಹಿಡಿದು ಓಡುವುದು ನನ್ನ ಪಾಲಿನ ಕೆಲಸ. ಸಂಬಳವಿಲ್ಲ, ಬೈಗುಳ ಧಾರಾಳ.

ಆ ಹುಡುಗಿ ವೈಷ್ಣವಿ ಹಿಂದಿನ ದಿನ ಫೋನ್ ಮಾಡಿದ್ದಳು. ಅವಳ ತಂದೆ ಅಲ್ಲಿಯ ವಾಳೂಜಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಚಿಕ್ಕಂದಿನಲ್ಲೇ ತಮ್ಮವರನ್ನು ಕಳೆದುಕೊಂಡವರು. ಅವರಿಗೆ ನೆನಪಿದ್ದದ್ದು ನವರಂಗ ಎಂಬ ಹೆಸರು, ಮುಂಗೈಯಲ್ಲಿ ಚೇಳಿನ ಹಚ್ಚೆಯಿದ್ದ ಒಬ್ಬ ಹೆಂಗಸು, ಅಷ್ಟೇ. ನಮ್ಮ ಗೋಡೆಯ ಫೋಟೋದಲ್ಲಿ ಬಾರಿನ ಬಾಗಿಲಲ್ಲಿ ನಿಂತವರ ನಡುವೆ ಒಬ್ಬಳೇ ಹೆಂಗಸು, ಅವಳ ಸೆರಗು ಹಿಡಿದ ಇಬ್ಬರು ಪುಟ್ಟ ಹುಡುಗರು. ನಾನು ಹತ್ತಿರ ಹೋಗಿ ನೋಡಿದೆ: ಕೈಮೇಲೆ ಚೇಳು! ಮೊಬೈಲಿನಲ್ಲಿ ತೆಗೆದು ಕಳಿಸೋಣವೆಂದರೆ ಗಾಜು ಎಷ್ಟು ಥಳಥಳ ಅನ್ನುತ್ತಿತ್ತೆಂದರೆ, ಟ್ಯೂಬ್‌ಲೈಟಿನ ಬಿಳುಪು ಬಿಟ್ಟು ಬೇರೇನೂ ಬರಲಿಲ್ಲ. "ನಾಳೆ ನೀನೇ ಬಂದು ನೋಡಮ್ಮ" ಎಂದೆ. ಸಂಜೆ ರತ್ನಾಕರನಿಗೂ, ನಿತ್ಯ ಬರುವ ಧಾನ್ಯದ ವ್ಯಾಪಾರಿ ಮಲ್ಲಿನಾಥರಿಗೂ ಇದನ್ನು ರಸವತ್ತಾಗಿ ಬಣ್ಣಿಸಿದೆ: "ನಮ್ಮ ಫೋಟೋದ ಹೆಂಗಸು ಆ ಹುಡುಗಿಯ ಅಪ್ಪನ ತಾಯಿಯಂತೆ!"

ಬೆಳಿಗ್ಗೆ ನಾನು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಫೋಟೋ ಮಾಯ.

ಹರಿಣಾಕ್ಷಿಯಕ್ಕ ನೆಲಕ್ಕೆ ಟಾರ್ಚ್ ಬಿಟ್ಟರು. ಅಡುಗೆಯ ಸಕ್ರವ್ವ ಆಗಷ್ಟೇ ನೆಲ ಒರೆಸಿ, ಬಾಗಿಲು ತೆರೆದಿಟ್ಟೇ ಒಳಗೆ ಹೋಗಿದ್ದಳು. ಒದ್ದೆ ನೆಲದ ಮೇಲೆ ಬಾಗಿಲಿನಿಂದ ಚಪ್ಪಲಿ ಗುರುತು ಬಂದಿತ್ತು, ಮೊಳೆಯ ಕೆಳಗಿನ ಕುರ್ಚಿಯವರೆಗೆ. ಕುರ್ಚಿಯ ರೆಕ್ಸಿನ್ ಮೇಲೆ ಮಾತ್ರ ಬರಿಗಾಲಿನ ಬೆರಳು ಮೂಡಿತ್ತು.

"ಸಕ್ರವ್ವ ಬರಿಗಾಲಲ್ಲೇ ಓಡಾಡುವುದಲ್ಲವಾ?" ಎಂದೆ, ಬಹಳ ಬುದ್ಧಿವಂತನ ಹಾಗೆ.

"ಹಾಗಾದರೆ ಈ ಚಪ್ಪಲಿ ಯಾರದ್ದು, ನಿನ್ನ ಅಜ್ಜನದ್ದಾ?" ಎಂದರು ಅಕ್ಕ.

ರತ್ನಾಕರನ ಮೇಲೆ ನನಗೆ ಗುಮಾನಿ ಇತ್ತು. ಬಾರನ್ನು ಹೊಸದಾಗಿ ಮಾಡಿಸುವ ಹುಚ್ಚಿನಲ್ಲಿ ಅವನು ಆ ಫೋಟೋವನ್ನು ಕಸ ಎಂದಿದ್ದ. ಕೇಳಿದರೆ, "ನನ್ನದೇ ಗೋಡೆಯಿಂದ ನಾನು ಕದಿಯುವುದಾ?" ಎಂದು ರೇಗಿದ.

ಮಧ್ಯಾಹ್ನ ವೈಷ್ಣವಿ ಬಂದಳು. ಖಾಲಿ ಮೊಳೆ ನೋಡಿ ಅವಳ ಮುಖ ಬಾಡಿತು. ಅವಳದು ಅರ್ಧ ಮರಾಠಿ ಬೆರೆತ ಕನ್ನಡ. "ನನ್ನ ಲಗ್ನ ಠರಲ್ಯಾ, ಗೊತ್ತಾಗೇದ ಆಂಟಿ. ಬೀಗರು ಪಪ್ಪಾಗ ಕೇಳಿದ್ರು, ನಿಮ್ಮ ಕಡೆಯವರು ಯಾರು ಬರ್ತಾರ ಅಂತ. ಪಪ್ಪಾ ಮಾನ್ ಖಾಲಿ ಹಾಕಿ, ತಲಿ ತಗ್ಗಿಸಿ ಕುಂತ್ರು. ಅವ್ವನ ಮುಖ ನನಗ ನೆನಪಿಲ್ಲ, ಆಯಿ ಮುಖ ಒಂದೇ ನೆನಪದ ಅಂತಾರ. ಆಯಿ ಫೋಟೋ ತರ್ತೀನಿ ಅಂತ ಹೇಳಿ ಬಂದೀನಿ."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸಕ್ರವ್ವನ ಮೊಬೈಲ್ ಹೊಡೆದುಕೊಂಡಿತು. ಅವಳ ಸ್ಪೀಕರಿನ ಗಲಾಟೆ ಓಣಿಗೆಲ್ಲ ಗೊತ್ತು. ಕಲಬುರಗಿಯಿಂದ ಮೊಮ್ಮಗಳು ಮಂಜುಳಾ ಕೂಗುತ್ತಿದ್ದಳು: "ಆಯಿ, ಉಂಡೇನ?"

ಅಕ್ಕ ತಟ್ಟನೆ ಅಡುಗೆಮನೆಯ ಕಡೆ ತಿರುಗಿದರು. ಆಮೇಲೆ, "ಯತಿ, ಮಲ್ಲಿನಾಥರನ್ನು ಕರೆದುಕೊಂಡು ಬಾ. ರತ್ನಾಕರನೂ ಇರಲಿ" ಎಂದರು.

ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತೆವು. ಸಕ್ರವ್ವ ಸೆರಗಿಗೆ ಕೈ ಒರೆಸುತ್ತ ನಿಂತಳು. ಹಣೆಗೆ ವಿಭೂತಿ ಧರಿಸಿದ ಮಲ್ಲಿನಾಥರು ಎಂದಿನ ಕುರ್ಚಿಯಲ್ಲೇ ಕೂತರು, ಖಾಲಿ ಗೋಡೆಯ ಎದುರಿಗೆ.

"ಕಳ್ಳ ಯಾರೂ ಚಪ್ಪಲಿ ಬಿಟ್ಟು ಕುರ್ಚಿ ಹತ್ತುವುದಿಲ್ಲ" ಎಂದು ಅಕ್ಕ ಶುರು ಮಾಡಿದರು. "ದೇವರ ಫೋಟೋ, ಹಿರಿಯರ ಫೋಟೋ ಮುಟ್ಟುವವರು ಬಿಡುತ್ತಾರೆ. ಸಕ್ರವ್ವ ಚಪ್ಪಲಿ ಹಾಕುವುದೇ ಇಲ್ಲ. ನಮ್ಮ ರತ್ನಾಕರ ಬೂಟು ಹಾಕಿಕೊಂಡೇ ಸೋಫಾದ ಮೇಲೆ ಕಾಲು ಇಡುವ ಗಿರಾಕಿ. ಇನ್ನು ಆ ಗಾಜು. ಈ ಬಾರಿನಲ್ಲಿ ಫ್ಯಾನಿನ ರೆಕ್ಕೆಗೂ ಎಣ್ಣೆಜಿಡ್ಡು ಉಂಟು. ಆ ಗಾಜೊಂದು ಮಾತ್ರ ಥಳಥಳ ಯಾಕೆ? ಯಾರೋ ದಿನಾ ಒರೆಸುತ್ತಿದ್ದರು. ಮಲ್ಲಿನಾಥರೇ, ಇಷ್ಟು ವರ್ಷ ನೀವು ನಮ್ಮ ಬಾರಿಗೆ ಬಂದು ಬರೇ ಲಿಂಬು ಸೋಡಾ ಕುಡಿದಿರಿ, ಅದೂ ಇದೇ ಕುರ್ಚಿಯಲ್ಲಿ. ಸೋಡಾ ನಿಮ್ಮ ಅಂಗಡಿಯ ಪಕ್ಕದಲ್ಲೂ ಸಿಗ್ತದೆ. ಫೋಟೋ ಇಲ್ಲಿ ಮಾತ್ರ ಇದ್ದದ್ದು."

ಮಲ್ಲಿನಾಥರು ತಲೆ ತಗ್ಗಿಸಿದರು.

"ಹೌದ್ರಿ ಅಕ್ಕೋರ, ನಾನೇ ಒಯ್ದೆ. ಆಕಿ ನಮ್ಮ ಆಯಿ, ಗುಂಡವ್ವ. ಮುತ್ಯಾ ಸತ್ತ ಮ್ಯಾಲ ಎರಡು ಗಂಡುಮಕ್ಕಳ್ನ ಕಟ್ಕೊಂಡು ಬೀದರದಿಂದ ಇಲ್ಲಿಗಿ ಬಂದ್ಳು. ಇದೇ ಅಡಗಿಮನ್ಯಾಗ ರೊಟ್ಟಿ ಬಡದು ಅಪ್ಪಗ, ಕಾಕಾಗ ಸಾಕಿದ್ಳು. ಆಕಿದು ಬ್ಯಾರೆ ಫೋಟೋನೇ ಇಲ್ರಿ. ಬಾರಿನ್ಯಾಗ ದುಡದಾಳಂತ ನಮ್ಮ ಮಂದ್ಯಾಗ ಹೇಳಾಕ ನಾಚಿ ಬಾಯಿ ಮುಚ್ಕೊಂಡಿದ್ದೆ. ನಿನ್ನೆ ಯತಿರಾಜ್ ಅವರು ಆಕಿ ಯಾರದೋ ತಾಯಿ ಅಂದ್ರು. ಆಕಿಗಿ ಇದ್ದವ್ರೇ ಇಬ್ಬರು. ಗಂಡ ಸತ್ತಾಕಿಗಿ ಮೂರನೇದವ ಎಲ್ಲಿಂದ ಬಂದ ಅಂತ ಮಂದಿ ಏನೇನೋ ಅಂತಾರ. ಆಕಿ ಹೆಸರಿಗಿ ಕಲೆ ಹತ್ತಬಾರದಂತ..."

"ಸಕ್ರವ್ವ, ಮಂಜುಳಾ ನಿನ್ನನ್ನು ಏನಂತ ಕರೀತಾಳೆ?" ಅಕ್ಕ ಕೇಳಿದರು.

"ಆಯಿ ಅಂತಾಳ್ರಿ."

"ನಿನ್ನ ಮಗ?"

"ಅಂವ ಅವ್ವ ಅಂತಾನ."

ಅಕ್ಕ ವೈಷ್ಣವಿಯ ಕೈ ಹಿಡಿದರು. "ಸಂಭಾಜಿನಗರದಲ್ಲಿ ಬೆಳೆದವಳಿಗೆ ಆಯಿ ಅಂದರೆ ಅಮ್ಮ. ಬೀದರದವರ ಮನೆಯಲ್ಲಿ ಹುಟ್ಟಿದ ನಿನ್ನ ಅಪ್ಪನಿಗೆ ಆಯಿ ಅಂದರೆ ಅಜ್ಜಿ ಮಗಾ. ಅಮ್ಮನ ಮುಖ ನೆನಪಿಲ್ಲ, ಅಜ್ಜಿಯ ಮುಖ ನೆನಪುಂಟು ಅಂತ ಅವರು ಸರಿಯಾಗಿಯೇ ಹೇಳಿದ್ದಾರೆ. ನೀನು ತಿರುಗಾಮುರುಗಾ ಕೇಳಿಸಿಕೊಂಡೆ. ನಮ್ಮ ಯತಿ ಅದನ್ನೇ ಊರಿಗೆಲ್ಲ ಹಂಚಿದ."

"ಮ್ಹಣಜೆ... ಅಂದ್ರ ಅವರು ಪಪ್ಪಾನ ಆಜಿ?" ವೈಷ್ಣವಿ ಕಣ್ಣರಳಿಸಿದಳು.

ಮಲ್ಲಿನಾಥರು ಎದ್ದು ನಿಂತಿದ್ದರು. "ನಿಮ್ಮಪ್ಪನ ಹೆಸರೇನು ತಂಗಿ?"

"ಗುರುಬಸವ."

"ಗುರ್ಯಾ!" ಅವರು ಮೇಜು ಹಿಡಿದುಕೊಂಡರು. "ನಮ್ಮ ಕಾಕಾನ ಮಗ! ಹಡದಾಕಿ ಬಾಣಂತನದಾಗೇ ಸತ್ಳು. ಆಯಿನೇ ಸಾಕಿದ್ಳು. ಓಡ್ಯಾಡೋ ಹುಡುಗ ಆದ ಮ್ಯಾಲ ಕಾಕಾ ಅವನ್ನ ಕರ್ಕೊಂಡು ಔರಂಗಾಬಾದಕ್ಕ ಕೆಲಸಕ್ಕ ಹ್ವಾದಾಂವ ಅಲ್ಲೇ ತೀರಿದ. ಹುಡುಗನ್ನ ಆಯಿ ಸಾಯೋತನಕ ಹುಡುಕಿಸಿದ್ಳು."

ಅಂಗಡಿಗೆ ಓಡಿಹೋಗಿ ಅವರು ಫೋಟೋ ತಂದರು, ತಮ್ಮ ಶಾಲಿನಲ್ಲೇ ಸುತ್ತಿತ್ತು. ಸೆರಗು ಹಿಡಿದ ಹುಡುಗರ ಮೇಲೆ ಬೆರಳಿಟ್ಟರು: "ದೊಡ್ಡವ ನಾ. ಈ ಸಣ್ಣವ ನಿಮ್ಮಪ್ಪ." ವೈಷ್ಣವಿ ಫೋಟೋವನ್ನು ಎದೆಗವಚಿಕೊಂಡು ಅತ್ತಳು. ರತ್ನಾಕರ ಸೀಲಿಂಗ್ ನೋಡುತ್ತ, ಆ ಗೋಡೆಯನ್ನು ಮುಟ್ಟುವುದಿಲ್ಲ ಎಂದು ಗೊಣಗಿದ.

ವೈಷ್ಣವಿ ತಂದೆಗೆ ಫೋನ್ ಹಚ್ಚಿ, ಎಲ್ಲ ಹೇಳಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಜೀವಮಾನವೆಲ್ಲ ಯಾರೂ ಇಲ್ಲದೆ ಕಳೆದವರು ಸುಲಭಕ್ಕೆ ನಂಬುವುದು ಹೇಗೆ?

ಆ ಕಡೆಯಿಂದ ಗುರುಬಸವರ ದನಿ ಕೇಳಿತು. "ಖರೇ ಮಲ್ಲ್ಯಾ ಇದ್ರ ಹೇಳು. ಆಯಿ ಮೊದಲ್ನೇ ರೊಟ್ಟಿ ಯಾರಿಗಿ ಕೊಡ್ತಿದ್ಳು?"

"ನಿನಗೇ ಕೊಡ್ತಿದ್ಳು ಲೇ!" ಮಲ್ಲಿನಾಥರು ಅಳುತ್ತಲೇ ಗದರಿದರು. "ಅದಕ್ಕೇ ನಿನಗ ನಾ ದಿನಾ ಬಡೀತಿದ್ದೆ. ಬೀಗರಿಗಿ ಹೇಳಿಡು, ನಮ್ಮ ಕಡೆಯವರು ಬರ್ತಾರಂತ."

ವೈಷ್ಣವಿ ಗಾಜು ಬಿಚ್ಚಿಸಿ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡ ಮೇಲೆ ಮಲ್ಲಿನಾಥರು ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದರು. ನಾನು ಕೆಳಗಿನಿಂದ ಫೋಟೋ ಎತ್ತಿಕೊಟ್ಟೆ.